ಬ್ಯಾಂಡ್ ಇಲ್ಲ, ಪೋಸ್ಟರ್ ಬೇಕು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನಾನು ಗ್ರಾಫಿಕ್ ಡಿಸೈನ್ ಎರಡನೇ ವರ್ಷದ ವಿದ್ಯಾರ್ಥಿ. ಒಂದು ಕಾಲ್ಪನಿಕ ಬ್ಯಾಂಡ್ ಹುಟ್ಟುಹಾಕಿ ಅದರ ಕಾನ್ಸರ್ಟಿಗೆ ಪೋಸ್ಟರ್ ಮಾಡಿ ಅಂತ ಕೆಲಸ ಕೊಟ್ಟಿದ್ದಾರೆ. ಎ2 ಅಳತೆ, ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಬೇಕು. ನನ್ನ ಬ್ಯಾಂಡಿನ ಹೆಸರು ‘ಎರಡನೇ ಪಾಳಿ’. ಫ್ಯಾಕ್ಟರಿಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ನುಡಿಸುವವರು ಅಂತ ಕಲ್ಪನೆ. ಗಿಟಾರ್, ಮೈಕು, ಹಿಂದೆ ಚಿಮಣಿ, ಮೇಲೆ ಚಂದ್ರ ಇಟ್ಟು ಮೂರು ಡ್ರಾಫ್ಟ್ ಮಾಡಿದೆ. ಗೆಳೆಯರು ಚೆನ್ನಾಗಿದೆ ಅಂದರು. ಮೇಡಂ ಮಾತ್ರ ‘ಇದು ಯಾವ ಬ್ಯಾಂಡಿನದ್ದಾದರೂ ಆಗಬಹುದು’ ಅಂತ ವಾಪಸ್ ಕೊಟ್ಟರು. ಬ್ಯಾಂಡಿನ ಇತಿಹಾಸ ನಾಲ್ಕು ಪುಟ ಬರೆದಿಟ್ಟಿದ್ದೇನೆ, ಆದರೂ ಏನೂ ಹೊಳೆಯುತ್ತಿಲ್ಲ. ಎಐ ಬಳಸಬಹುದಾ? ಕನ್ನಡದಲ್ಲೇ ಅಕ್ಷರ ಹಾಕಿದರೆ ಗಿಗ್ ಪೋಸ್ಟರ್ ತರ ಕಾಣುತ್ತದಾ?

ಉತ್ತರ: ನಿಮ್ಮ ಮೇಡಂ ಸರಿಯಾದ ಜಾಗಕ್ಕೇ ಕೈ ಇಟ್ಟಿದ್ದಾರೆ. ಡ್ರಾಯಿಂಗ್ ಕೆಟ್ಟದಾಗಿದೆ ಅಂತ ಅವರು ಹೇಳಿಲ್ಲ, ಗಮನಿಸಿ. ನಿಮ್ಮ ಬ್ಯಾಂಡಿನ ಹೆಸರು ಅಳಿಸಿ ಪಕ್ಕದ ಬೆಂಚಿನವರ ಬ್ಯಾಂಡಿನ ಹೆಸರು ಬರೆದರೂ ಆ ಪೋಸ್ಟರಿಗೆ ಏನೂ ಆಗುವುದಿಲ್ಲ. ಅವರ ದೂರು ಅಷ್ಟೇ.

ಇದಕ್ಕೆ ಕಾರಣ ಆ ನಾಲ್ಕು ಪುಟಗಳಲ್ಲೇ ಇದೆ ಅಂತ ನನ್ನ ಅನುಮಾನ. ಕಾಲ್ಪನಿಕ ಬ್ಯಾಂಡ್ ಅಂದ ಕೂಡಲೇ ಎಲ್ಲರೂ ಕಥೆ ಬರೆಯಲು ಕೂರುತ್ತಾರೆ. ಯಾರು ಯಾರ ಬಾಲ್ಯದ ಗೆಳೆಯ, ಮೊದಲ ಹಾಡು ಎಲ್ಲಿ ಹುಟ್ಟಿತು, ಯಾಕೆ ಒಮ್ಮೆ ಜಗಳವಾಡಿ ಬೇರೆಯಾದರು. ಓದೋಕೆ ಚೆನ್ನಾಗಿರುತ್ತದೆ. ಆದರೆ ನಿಜವಾದ ಬ್ಯಾಂಡಿನವರು ಡಿಸೈನರ್ ಹತ್ತಿರ ಬಂದಾಗ ಜೀವನಚರಿತ್ರೆ ಹೇಳುವುದಿಲ್ಲ. ‘ಶನಿವಾರ ಶೋ ಇದೆ, ದುಡ್ಡು ಕಮ್ಮಿ, ಎರಡೇ ಬಣ್ಣದಲ್ಲಿ ಮುಗಿಸಿ, ಮಂಗಳವಾರದೊಳಗೆ ಬೇಕು, ನಮ್ಮ ಡ್ರಮ್ಮರ್‌ಗೆ ಹಳದಿ ಕಂಡರೆ ಆಗಲ್ಲ’ ಅನ್ನುತ್ತಾರೆ. ಪೋಸ್ಟರಿಗೆ ಆಕಾರ ಬರುವುದು ಇಂಥ ತಕರಾರುಗಳಿಂದ. ನಿಮ್ಮ ಬ್ಯಾಂಡಿಗೆ ಕಥೆ ಇದೆ, ತಕರಾರು ಇಲ್ಲ. ಅದನ್ನು ನೀವೇ ಹುಟ್ಟಿಸಬೇಕು.

ಇನ್ನೊಂದು ವಿಷಯ. ನಿಮ್ಮ ಡ್ರಾಫ್ಟುಗಳ ವಿವರಣೆ ಓದಿದರೆ ಅವು ಆಲ್ಬಂ ಕವರ್ ಇದ್ದ ಹಾಗಿವೆ. ಆಲ್ಬಂ ಕವರ್ ವರ್ಷಗಟ್ಟಲೆ ಕೈಯಲ್ಲಿ ಇರುವಂಥದ್ದು. ಬ್ಯಾಂಡ್ ಯಾರು, ಎಂಥವರು ಅಂತ ಅದು ನಿಧಾನಕ್ಕೆ ಹೇಳಬಹುದು. ಕಾನ್ಸರ್ಟ್ ಪೋಸ್ಟರ್ ಮಾರುವುದು ಒಂದೇ ಒಂದು ರಾತ್ರಿಯನ್ನು. ಆ ರಾತ್ರಿ ಕಳೆದರೆ ಅದರ ಕೆಲಸ ಮುಗಿಯಿತು. ಫ್ರೆಂಚ್ ಚಿತ್ರಕಾರ ಆನ್ರಿ ದ ತುಲೂಸ್ ಲೊಟ್ರೆಕ್ 1891ರಲ್ಲಿ ಪ್ಯಾರಿಸ್ಸಿನ ಮೂಲಾಂ ರೂಜ್ ಅನ್ನುವ ನೃತ್ಯದ ಹಾಲ್‌ಗೆ ಮಾಡಿದ ಪೋಸ್ಟರ್ ತೆಗೆದು ನೋಡಿ. ನಡುವೆ ಲಾ ಗೂಲೂ ಅನ್ನುವ ನರ್ತಕಿ. ಹಿಂದೆ ಪ್ರೇಕ್ಷಕರೆಲ್ಲ ಬರೀ ಕಪ್ಪು ನೆರಳು. ನೋಡುವವನು ಆಗಲೇ ಆ ಹಾಲ್ ಒಳಗೆ, ಆ ಜನರ ಮಧ್ಯೆ ನಿಂತುಬಿಟ್ಟಿರುತ್ತಾನೆ. ಹಾಲಿನ ಹೆಸರನ್ನು ಒಂದರ ಕೆಳಗೊಂದು ಮೂರು ಸಲ ಬರೆದಿದ್ದಾನೆ. ಮೂರಕ್ಕೂ ಸೇರಿ ಮೊದಲ ಅಕ್ಷರ ಮಾತ್ರ ಒಂದೇ, ದೊಡ್ಡದು. ಆ ನರ್ತಕಿಯ ಊರು, ಬಾಲ್ಯ ಯಾವುದೂ ಅಲ್ಲಿಲ್ಲ. ‘ಇಲ್ಲಿಗೆ ಬಾ’ ಅನ್ನುವುದು ಮಾತ್ರ ಇದೆ.

ಅದೇ ಲೊಟ್ರೆಕ್ ಮರುವರ್ಷ ಗಾಯಕ ಆರಿಸ್ತೀದ್ ಬ್ರುಆಂಗೆ ಪೋಸ್ಟರ್ ಮಾಡಿದ. ಅಗಲ ಟೋಪಿ, ಕಪ್ಪು ನಿಲುವಂಗಿ, ಕೆಂಪು ಸ್ಕಾರ್ಫ್. ಅದು ನಡೆಯಿತು, ಯಾಕೆಂದರೆ ಜನರಿಗೆ ಆ ವೇಷ ಮೊದಲೇ ಗೊತ್ತಿತ್ತು. ನಿಮ್ಮ ಬ್ಯಾಂಡಿನ ಮುಖ ಯಾರಿಗೂ ಗೊತ್ತಿಲ್ಲ. ಹಾಗಾಗಿ ನಾಲ್ಕು ಜನ ಗೋಡೆಗೆ ಒರಗಿ ನಿಂತ ಫೋಟೋ ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ಗಿಟಾರ್, ಮೈಕು ಹಾಕಿದರೆ ‘ಇಲ್ಲಿ ಸಂಗೀತ ಇದೆ’ ಅಂತ ಹೇಳಿದ ಹಾಗಾಯಿತು. ಕಾನ್ಸರ್ಟಿನಲ್ಲಿ ಸಂಗೀತ ಇರುತ್ತದೆ ಅಂತ ಯಾರಿಗೆ ಗೊತ್ತಿಲ್ಲ ಹೇಳಿ?

ನಿಮ್ಮ ಕೈಯಲ್ಲಿ ಉಳಿಯುವುದು ಎರಡೇ: ಆ ಬ್ಯಾಂಡಿನ ಸದ್ದು, ಆ ರಾತ್ರಿಯ ಸಂದರ್ಭ.

ಸದ್ದಿನ ಬಗ್ಗೆ ನಿಮ್ಮ ಪತ್ರದಲ್ಲಿ ಒಂದು ಮಾತೂ ಇಲ್ಲ. ಅವರು ಏನು ನುಡಿಸುತ್ತಾರೆ? ಎಷ್ಟು ಜನ? ಜೋರಾ, ಮೆಲ್ಲಗಾ? ಹಾಡು ಎರಡು ನಿಮಿಷದ್ದಾ, ಇಪ್ಪತ್ತು ನಿಮಿಷದ್ದಾ? ಬ್ಲೂ ನೋಟ್ ಕಂಪನಿಯ ಜಾಝ್ ರೆಕಾರ್ಡುಗಳಿಗೆ 1950 ಮತ್ತು 60ರ ದಶಕದಲ್ಲಿ ನೂರಾರು ಕವರ್ ಮಾಡಿದ ರೀಡ್ ಮೈಲ್ಸ್‌ಗೆ ಜಾಝ್ ಅಂದರೆ ಅಷ್ಟಕ್ಕಷ್ಟೇ. ಆತ ಇಷ್ಟಪಟ್ಟು ಕೇಳುತ್ತಿದ್ದದ್ದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಆಲ್ಬಂ ಹೇಗಿದೆ, ಅದರ ಮೂಡ್ ಏನು ಅಂತ ಕಂಪನಿಯ ಆಲ್ಫ್ರೆಡ್ ಲಯನ್ ವಿವರಿಸುತ್ತಿದ್ದ. ಅದನ್ನು ಹಿಡಿದುಕೊಂಡು ಮೈಲ್ಸ್ ಕೆಲಸ ಮಾಡುತ್ತಿದ್ದ. ಅಂದರೆ ಡಿಸೈನರ್ ಸಂಗೀತ ಕೇಳದೇ ಇದ್ದರೂ ನಡೆಯುತ್ತದೆ, ಆದರೆ ಸಂಗೀತ ಹೇಗಿದೆ ಅಂತ ಯಾರಾದರೂ ಹೇಳಲೇಬೇಕು. ನಿಮ್ಮ ವಿಷಯದಲ್ಲಿ ಲಯನ್ ಕೆಲಸವೂ ನಿಮ್ಮದೇ.

ಹಾಗಾಗಿ ಆ ನಾಲ್ಕು ಪುಟ ಪಕ್ಕಕ್ಕಿಡಿ. ಬ್ಯಾಂಡಿನವರು ನಿಮಗೆ ಬರೆದ ಮೆಸೇಜ್ ಒಂದನ್ನು ನೀವೇ ಬರೆಯಿರಿ. ಒಂದು ಪುಟ ದಾಟಬಾರದು. ನಿಮ್ಮ ‘ಎರಡನೇ ಪಾಳಿ’ಗೆ ನಾನು ಬರೆದರೆ ಹೀಗಿರುತ್ತದೆ:

‘ನಾವು ಮೂರು ಜನ. ಇಬ್ಬರು ಡ್ರಮ್ಸ್, ಒಬ್ಬರು ಬೇಸ್. ಹಾಡುವವರು ಯಾರೂ ಇಲ್ಲ. ಶಿಫ್ಟ್ ಮುಗಿಯುವುದು ರಾತ್ರಿ 11ಕ್ಕೆ, ಶೋ ಶುರುವಾಗುವುದು 12ಕ್ಕೆ. ಜಾಗ ಒಂದು ಹಳೆಯ ಗೋಡೌನ್, ನೂರೈವತ್ತು ಜನ ಹಿಡಿಯುತ್ತದೆ. ಕೂರೋಕೆ ಕುರ್ಚಿ ಇಲ್ಲ. ಪೋಸ್ಟರ್ ಸ್ಕ್ರೀನ್ ಪ್ರಿಂಟ್ ಆಗುತ್ತದೆ, ಎರಡು ಇಂಕಿಗೆ ಮಾತ್ರ ದುಡ್ಡಿದೆ. ಒಂದು ವಿನಂತಿ: ಫ್ಯಾಕ್ಟರಿ ಚಿತ್ರ ಬೇಡ. ಎಂಟು ಗಂಟೆ ಅಲ್ಲೇ ಇದ್ದು ಬಂದಿರುತ್ತೇವೆ, ಗೋಡೆ ಮೇಲೂ ಅದನ್ನೇ ನೋಡಬೇಕಾ?’

ಆ ಕೊನೆಯ ಸಾಲು ನೋಡಿ. ನಿಮ್ಮ ಚಿಮಣಿ ಅಲ್ಲಿಗೆ ಹೋಯಿತು. ಗಿಟಾರ್ ಬ್ಯಾಂಡಿನಲ್ಲೇ ಇಲ್ಲ. ಹಾಡುವವರಿಲ್ಲ ಅಂದಮೇಲೆ ಮೈಕೂ ಹೋಯಿತು. ಚಂದ್ರ ಉಳಿದಿದ್ದಾನೆ, ಪಾಪ. ಅವನನ್ನೂ ಕಳಿಸಿಬಿಡಿ, ರಾತ್ರಿ ಅಂದರೆ ಚಂದ್ರ ಅನ್ನುವುದು ಎಲ್ಲರಿಗೂ ಮೊದಲು ಹೊಳೆಯುವ ವಿಷಯ. ಹೀಗೆ ‘ಬೇಡ’ ಅನ್ನುವ ಒಬ್ಬ ಸದಸ್ಯ ನಿಮ್ಮ ಬ್ಯಾಂಡಿನಲ್ಲಿ ಇರಲೇಬೇಕು. ಎಲ್ಲದಕ್ಕೂ ತಲೆ ಆಡಿಸುವ ಗ್ರಾಹಕ ನಿಜ ಜೀವನದಲ್ಲಿ ಸಿಗುವುದಿಲ್ಲ. ಸಿಕ್ಕರೂ ಅವರಿಗೆ ಒಳ್ಳೆಯ ಪೋಸ್ಟರ್ ಆಗುವುದು ಅಪರೂಪ. ಸ್ವಿಟ್ಜರ್‌ಲೆಂಡಿನ ನಿಕ್ಲಾಸ್ ಟ್ರಾಕ್ಸ್‌ಲರ್ ವಿಲ್ಲಿಸಾವ್ ಅನ್ನುವ ಚಿಕ್ಕ ಊರಿನಲ್ಲಿ 1966ರಿಂದ ತಾನೇ ಜಾಝ್ ಕಾನ್ಸರ್ಟ್ ಏರ್ಪಡಿಸಿದ, ಪೋಸ್ಟರನ್ನೂ ತಾನೇ ಮಾಡಿದ. ಎರಡೂ ಕುರ್ಚಿಯಲ್ಲಿ ಅವನೇ. ಆದರೆ ಅವನಿಗೆ ತುಂಬಿಸಬೇಕಾದ ಹಾಲ್ ನಿಜವಾಗಿ ಇತ್ತು. ನಿಮಗೆ ಆ ಒತ್ತಡ ಇಲ್ಲ, ಅದನ್ನು ಬರವಣಿಗೆಯಲ್ಲಿ ತಂದುಕೊಳ್ಳಬೇಕು.

ಈಗ ಚಿತ್ರಕ್ಕೆ ಬರೋಣ. ಸಣ್ಣ ಸಣ್ಣ ಸ್ಕೆಚ್ ಮಾಡಿ, ಒಂದೊಂದೂ ಎರಡು ಬೆರಳಗಲಕ್ಕಿಂತ ದೊಡ್ಡದಾಗಬಾರದು. ಅಷ್ಟು ಚಿಕ್ಕದರಲ್ಲಿ ವಿವರ ಬಿಡಿಸೋಕೆ ಆಗುವುದಿಲ್ಲ, ಐಡಿಯಾ ಇದ್ದರೆ ಮಾತ್ರ ಕಾಣುತ್ತದೆ. ಮೊದಲ ಹತ್ತು ಸ್ಕೆಚ್‌ನಲ್ಲಿ ಏನು ಬರುತ್ತದೆ ಅಂತ ಈಗಲೇ ಹೇಳಬಲ್ಲೆ: ಹಾಜರಿ ಹಾಕುವ ಪಂಚಿಂಗ್ ಕಾರ್ಡ್, ಕತ್ತಲೆ ಕಟ್ಟಡದಲ್ಲಿ ದೀಪ ಇರುವ ಒಂದೇ ಕಿಟಕಿ, ಹೆಲ್ಮೆಟ್, ಹಲ್ಲಿನ ಚಕ್ರ. ಬರಲಿ, ಬಿಡಿಸಿ ಮುಗಿಸಿ. ಅವೆಲ್ಲ ಹೊರಗೆ ಹೋದಮೇಲೆ ಬೇರೆ ಏನಾದರೂ ಬರುತ್ತದೆ.

ಆ ಮೆಸೇಜ್‌ನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇಬ್ಬರು ಡ್ರಮ್ಮರ್‌ಗಳು. ಇಬ್ಬರು ಇದ್ದಾರೆ ಅಂದಮೇಲೆ ಇಬ್ಬರೂ ಒಂದೇ ಬಡಿತ ಬಡಿದರೆ ಏನು ಮಜಾ? ಹೀಗೆ ಯೋಚಿಸಿ. ತಾಳದ ಒಂದು ಸುತ್ತಿನಲ್ಲಿ ಹನ್ನೆರಡು ಎಣಿಕೆ. ಒಬ್ಬ ನಾಲ್ಕು ಎಣಿಕೆಗೊಮ್ಮೆ ಹೊಡೆಯುತ್ತಾನೆ, ಒಂದು ಸುತ್ತಿನಲ್ಲಿ ಮೂರು ಏಟು. ಇನ್ನೊಬ್ಬಳು ಮೂರು ಎಣಿಕೆಗೊಮ್ಮೆ, ಒಂದು ಸುತ್ತಿನಲ್ಲಿ ನಾಲ್ಕು ಏಟು. ತೊಡೆ ಮೇಲೆ ಎರಡೂ ಕೈಯಲ್ಲಿ ಬಡಿದು ನೋಡಿ, ಮೊದಲು ಕೈ ತಡವರಿಸುತ್ತದೆ. ಇಬ್ಬರ ಏಟೂ ಒಟ್ಟಿಗೆ ಬೀಳುವುದು ಇಡೀ ಸುತ್ತಿನಲ್ಲಿ ಒಂದೇ ಜಾಗದಲ್ಲಿ, ಸುತ್ತು ಶುರುವಾಗುವಲ್ಲಿ.

ಹನ್ನೆರಡು ಎಣಿಕೆಯ ಸುತ್ತು ಎಲ್ಲಿದೆ? ಗಡಿಯಾರದಲ್ಲಿದೆ. ಮೊದಲನೆಯವನ ಏಟು 12, 4, 8ರ ಮೇಲೆ ಬೀಳುತ್ತದೆ. ಆ ಮೂರು ಚುಕ್ಕೆ ಸೇರಿಸಿದರೆ ತ್ರಿಕೋನ. ಎರಡನೆಯವಳ ಏಟು 12, 3, 6, 9ರ ಮೇಲೆ. ಸೇರಿಸಿದರೆ ಮೂಲೆಯ ಮೇಲೆ ನಿಂತ ಚೌಕ. ತ್ರಿಕೋನ, ಚೌಕ ಎರಡೂ ಮುಟ್ಟಿಕೊಳ್ಳುವ ಮೂಲೆ ಒಂದೇ: ಹನ್ನೆರಡು. ಶೋ ಶುರುವಾಗುವುದೂ ಹನ್ನೆರಡಕ್ಕೆ! ಇರುವುದು ಎರಡೇ ಇಂಕು. ತ್ರಿಕೋನಕ್ಕೆ ಒಂದು, ಚೌಕಕ್ಕೆ ಒಂದು. ಒಂದರ ಮೇಲೊಂದು ಬಿದ್ದ ಕಡೆ ಮೂರನೆಯ ಕಡು ಬಣ್ಣ ಪುಕ್ಕಟೆಯಾಗಿ ಸಿಗುತ್ತದೆ.

ಇದನ್ನು ಹಾಗೇ ಎತ್ತಿಕೊಂಡು ಹೋಗಬೇಡಿ. ನಿಮ್ಮ ಮೇಡಂ ಇದನ್ನು ಓದಿದ್ದರೆ ಇಬ್ಬರಿಗೂ ಮುಜುಗರ. ನಾನು ತೋರಿಸಬೇಕಾಗಿದ್ದದ್ದು ದಾರಿ. ಸದ್ದು, ಸಮಯ, ಪ್ರಿಂಟಿನ ಮಿತಿ ಮೂರೂ ಒಂದೇ ಚಿತ್ರದಲ್ಲಿ ಬಂದು ಕೂತವು. ಈಗ ಇದರ ಮೇಲೆ ಪಕ್ಕದ ಬೆಂಚಿನವರ ಬ್ಯಾಂಡಿನ ಹೆಸರು ಬರೆಯಿರಿ ನೋಡೋಣ. ಅವರಿಗೆ ಇಬ್ಬರು ಡ್ರಮ್ಮರ್ ಇಲ್ಲದಿದ್ದರೆ, ಶೋ ಸಂಜೆ ಏಳಕ್ಕಿದ್ದರೆ, ಚಿತ್ರ ಸುಳ್ಳಾಗುತ್ತದೆ. ನೋಡುವವರಿಗೆ ಈ ಲೆಕ್ಕವೆಲ್ಲ ಗೊತ್ತಾಗಬೇಕಾ? ಬೇಡ. ಎರಡು ಗಟ್ಟಿ ಆಕಾರ ಒಂದಕ್ಕೊಂದು ಡಿಕ್ಕಿ ಹೊಡೆದ ಹಾಗೆ ಕಂಡರೆ ಸಾಕು. ಡ್ರಮ್ಸ್ ನುಡಿಸುವವರು ಯಾರಾದರೂ ನಿಂತು ನೋಡಿ ನಕ್ಕರೆ ಅದು ಲಾಭ.

ಹೀಗೆ ಸಂಗೀತದ ಲೆಕ್ಕವನ್ನೇ ಆಕಾರ ಮಾಡುವುದು ಹೊಸದಲ್ಲ. ಸ್ವಿಸ್ ಡಿಸೈನರ್ ಯೋಸೆಫ್ ಮ್ಯುಲರ್ ಬ್ರಾಕ್‌ಮನ್ 1950ರಿಂದ ಜೂರಿಕ್‌ನ ಟೋನ್‌ಹಾಲೆ ಸಭಾಂಗಣದ ಕಾನ್ಸರ್ಟುಗಳಿಗೆ ಪೋಸ್ಟರ್ ಮಾಡಿದ. 1955ರ ಬೀಥೋವನ್ ಪೋಸ್ಟರಿನಲ್ಲಿ ಬೀಥೋವನ್ ಮುಖವೂ ಇಲ್ಲ, ಪಿಟೀಲೂ ಇಲ್ಲ. ಒಂದೇ ಕೇಂದ್ರದ ಸುತ್ತ ತಿರುಗುವ ಕಮಾನುಗಳು, ದಪ್ಪದಲ್ಲೂ ಉದ್ದದಲ್ಲೂ ಲೆಕ್ಕ ಹಾಕಿ ಬೆಳೆಯುತ್ತಾ ಹೋಗುತ್ತವೆ. ಕೆಲವರಿಗೆ ಇದು ತಣ್ಣಗೆ ಅನ್ನಿಸಬಹುದು. ನನಗೆ ಆ ಪೋಸ್ಟರ್ ನೋಡಿದಾಗಲೆಲ್ಲ ಆರ್ಕೆಸ್ಟ್ರಾ ಏರುತ್ತಿರುವ ಹಾಗೇ ಕಾಣುತ್ತದೆ.

ಇದಕ್ಕೆ ಪೂರ್ತಿ ಎದುರು ದಿಕ್ಕಿನಲ್ಲಿರುವುದು 1966, 67ರ ಸ್ಯಾನ್ ಫ್ರಾನ್ಸಿಸ್ಕೋದ ರಾಕ್ ಪೋಸ್ಟರುಗಳು. ವಿದ್ಯಾರ್ಥಿಗಳು ಜಾಸ್ತಿ ಬೀಳುವುದೂ ಅದೇ ಹಳ್ಳಕ್ಕೆ. ಕರಗಿ ಹರಿಯುವ ಅಕ್ಷರ, ಕಣ್ಣು ಕುಕ್ಕುವ ಬಣ್ಣ. ಅವನ್ನು ಮಾಡಿದವರಲ್ಲಿ ಒಬ್ಬನಾದ ವಿಕ್ಟರ್ ಮೊಸ್ಕೋಸೊ ಯೇಲ್ ವಿಶ್ವವಿದ್ಯಾಲಯದಲ್ಲಿ ಯೋಸೆಫ್ ಆಲ್ಬರ್ಸ್ ಹತ್ತಿರ ಬಣ್ಣದ ಪಾಠ ಕಲಿತವನು. ಕಾಲೇಜಿನಲ್ಲಿ ‘ಮಾಡಬೇಡ’ ಅಂದದ್ದನ್ನೆಲ್ಲ ಬೇಕಂತಲೇ ಮಾಡಿದ. ಬಣ್ಣದ ಚಕ್ರದಲ್ಲಿ ಎದುರು ಬದುರು ಇರುವ ಬಣ್ಣಗಳನ್ನು ಒಂದೇ ತೀವ್ರತೆಯಲ್ಲಿ ಪಕ್ಕಪಕ್ಕ ಇಟ್ಟರೆ ಅಂಚು ನಡುಗಿದ ಹಾಗೆ ಕಾಣುತ್ತದೆ. ಅವನಿಗೆ ಬೇಕಾಗಿದ್ದದ್ದು ಅದೇ. ಓದೋಕೆ ಕಷ್ಟವಾದರೆ ಜನ ನಿಂತು ಬಿಡಿಸಿ ಓದುತ್ತಾರೆ ಅನ್ನುವುದು ಲೆಕ್ಕಾಚಾರ. ಆ ಪೋಸ್ಟರುಗಳು ಯಾರಿಗೆ ಬೇಕಿತ್ತೋ ಅವರು ನಿಂತು ಓದುವವರೇ ಆಗಿದ್ದರು. ನಿಮ್ಮ ಪ್ರೇಕ್ಷಕ ಯಾರು? ಶಿಫ್ಟ್ ಮುಗಿಸಿ ಸುಸ್ತಾಗಿ ಗೇಟ್ ದಾಟುವವನು. ಅವನು ನಿಂತು ಬಿಡಿಸಿ ಓದುವ ಸ್ಥಿತಿಯಲ್ಲಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಬ್ಯಾಂಡಿನ ಹೆಸರನ್ನು ಎಷ್ಟು ಬೇಕಾದರೂ ತಿರುಚಿ, ತಾರೀಖು ಮತ್ತು ಜಾಗವನ್ನು ಮುಟ್ಟಬೇಡಿ.

ಎಐ ಪ್ರಶ್ನೆಗೆ ಇಲ್ಲೇ ಬರುತ್ತೇನೆ. ಮೊದಲು ನಿಮ್ಮ ಕೋರ್ಸಿನ ನಿಯಮ ಕೇಳಿ ತಿಳಿದುಕೊಳ್ಳಿ, ಅದು ಒಂದೊಂದು ಕಡೆ ಒಂದೊಂದು ತರ. ನಿಯಮ ಒಪ್ಪಿದರೂ ಈ ಕೆಲಸಕ್ಕೆ ಅದರಿಂದ ಲಾಭ ಕಮ್ಮಿ. ‘ಕಾನ್ಸರ್ಟ್ ಪೋಸ್ಟರ್, ಫ್ಯಾಕ್ಟರಿ ಕೆಲಸಗಾರರ ಬ್ಯಾಂಡ್, ರಾತ್ರಿ’ ಅಂತ ಕೊಟ್ಟರೆ ಅದು ಸಾವಿರಾರು ಪೋಸ್ಟರುಗಳ ಸರಾಸರಿ ಕೊಡುತ್ತದೆ. ಗಿಟಾರ್, ಚಿಮಣಿ, ಚಂದ್ರ. ನಿಮ್ಮ ಮೂರು ಡ್ರಾಫ್ಟಿನಲ್ಲಿ ಇದ್ದದ್ದೇ, ಅಲ್ವಾ? ಜೊತೆಗೆ ಕನ್ನಡ ಅಕ್ಷರ ಹಾಕಿಸಿದರೆ ಎಷ್ಟೋ ಸಲ ಒತ್ತು, ಕೊಂಬು ಎಲ್ಲ ಕಲಸಿಹೋಗಿರುತ್ತವೆ. ಎರಡು ಇಂಕಿಗೆ ಬೇರ್ಪಡಿಸಲು ಲೇಯರುಗಳೂ ಸಾಮಾನ್ಯವಾಗಿ ಸಿಗುವುದಿಲ್ಲ. ಹಳೆಯ ಚಿತ್ರ ಹುಡುಕಿ ಬಳಸುವುದು ಬೇರೆ ಮಾತು. ಸ್ಟ್ಯಾನ್ಲಿ ಮೌಸ್ ಮತ್ತು ಆಲ್ಟನ್ ಕೆಲ್ಲಿ 1966ರಲ್ಲಿ ಗ್ರೇಟ್‌ಫುಲ್ ಡೆಡ್ ಬ್ಯಾಂಡಿನ ಶೋಗೆ ಮಾಡಿದ ಗುಲಾಬಿ ಮುಡಿದ ಅಸ್ಥಿಪಂಜರದ ಪೋಸ್ಟರ್ ಪ್ರಸಿದ್ಧ. ಆ ಅಸ್ಥಿಪಂಜರ ಅವರು ಬಿಡಿಸಿದ್ದಲ್ಲ. ಒಮರ್ ಖಯ್ಯಾಮನ ರುಬಾಯಿಗಳಿಗೆ ಎಡ್ಮಂಡ್ ಸಲಿವನ್ ಬರೆದ ಚಿತ್ರ ಲೈಬ್ರರಿಯ ಪುಸ್ತಕದಲ್ಲಿ ಸಿಕ್ಕಿತ್ತು. ಅದಕ್ಕೆ ಬಣ್ಣ, ಅಕ್ಷರ, ಚೌಕಟ್ಟು ಸೇರಿಸಿದರು. ಆ ಬ್ಯಾಂಡಿನ ಹೆಸರಿಗೆ ಅದು ಎಷ್ಟು ಹೊಂದಿತು ಅಂದರೆ ಕೊನೆಗೆ ಅವರ ಗುರುತೇ ಆಯಿತು. ಹಾಗೆ ಮಾಡುವುದಾದರೆ ಹಕ್ಕು ಮುಗಿದ ಚಿತ್ರವನ್ನೇ ತೆಗೆದುಕೊಳ್ಳಿ, ಮೂಲ ಯಾವುದು ಅಂತ ನಿಮ್ಮ ಫೈಲಿನಲ್ಲಿ ಬರೆದಿಡಿ.

ಕನ್ನಡ ಅಕ್ಷರದ ಬಗ್ಗೆ ಹೇಳಲೇಬೇಕಾದದ್ದು ಸ್ವಲ್ಪ ಇದೆ. ಖಂಡಿತ ಕನ್ನಡದಲ್ಲೇ ಮಾಡಿ. ಆದರೆ ಇಂಗ್ಲಿಷ್ ಗಿಗ್ ಪೋಸ್ಟರಿನ ಲೇಔಟ್ ಇಟ್ಟುಕೊಂಡು ಅಕ್ಷರ ಮಾತ್ರ ಬದಲಿಸಿದರೆ ಕೆಡುತ್ತದೆ. ಅಲ್ಲಿನ ಮರದಚ್ಚಿನ ಪೋಸ್ಟರುಗಳಲ್ಲಿ ದೊಡ್ಡಕ್ಷರದ ಸಾಲುಗಳನ್ನು ಇಟ್ಟಿಗೆ ಜೋಡಿಸಿದ ಹಾಗೆ ಒತ್ತೊತ್ತಾಗಿ ಪೇರಿಸುತ್ತಾರೆ. ಎಲ್ಲ ಅಕ್ಷರದ ಎತ್ತರವೂ ಒಂದೇ, ಹಾಗಾಗಿ ನಡೆಯುತ್ತದೆ. ನಮ್ಮಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಅಂತ ಇಲ್ಲ. ಮೇಲೆ ಗುಡಿಸು ಏಳುತ್ತದೆ, ಕೆಳಗೆ ಒತ್ತಕ್ಷರ ಇಳಿಯುತ್ತದೆ. ಸಾಲುಗಳನ್ನು ಒತ್ತಿ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಗೆ ಬಡಿಯುತ್ತದೆ. ಒಂದೋ ಸಾಲಿನ ಮಧ್ಯೆ ಧಾರಾಳ ಜಾಗ ಬಿಡಿ, ಇಲ್ಲ ಅಂದರೆ ಒತ್ತು ಎಲ್ಲಿ ಇಳಿಯುತ್ತದೋ ಅಲ್ಲಿ ಕೆಳಗಿನ ಸಾಲಿನ ಸಂದಿ ಬರುವ ಹಾಗೆ ಕೈಯಲ್ಲೇ ಹೊಂದಿಸಿ. ಎರಡನೆಯದು ತಾಳ್ಮೆಯ ಕೆಲಸ, ಆದರೆ ಆದಾಗ ತುಂಬಾ ಚೆನ್ನಾಗಿರುತ್ತದೆ. ‘ಎರಡನೇ ಪಾಳಿ’ಯಲ್ಲಿ ಒಂದೂ ಒತ್ತಕ್ಷರ ಇಲ್ಲ, ನಿಮ್ಮ ಅದೃಷ್ಟ.

ಇನ್ನೊಂದು ಆಸೆ ಹುಟ್ಟುತ್ತದೆ: ಚಿತ್ರ ಚೂಪು ಮೂಲೆಗಳದ್ದು, ಅಕ್ಷರವನ್ನೂ ಮೂಲೆ ಮೂಲೆಯಾಗಿ ಕತ್ತರಿಸೋಣ ಅಂತ. ಬೇಡ. ನಮ್ಮ ಅಕ್ಷರ ಹುಟ್ಟಿನಿಂದ ದುಂಡಗೆ. ತ್ರಿಕೋನ, ಚೌಕದ ಪಕ್ಕ ಆ ದುಂಡು ಇದ್ದರೇ ಎರಡೂ ಎದ್ದು ಕಾಣುತ್ತವೆ. ಅಕ್ಷರ ಅಗಲ ಸಾಲದು ಅಂತ ಹಿಡಿದು ಎಳೆಯಬೇಡಿ, ಗೆರೆಯ ದಪ್ಪ ಕೆಡುತ್ತದೆ. ಅನೇಕ್ ಕನ್ನಡ, ನೋಟೊ ಸಾನ್ಸ್ ಕನ್ನಡ ಅನ್ನುವ ಉಚಿತ ಫಾಂಟುಗಳಲ್ಲಿ ಕಿರಿದಾದ ರೂಪವೂ ಇದೆ, ದಪ್ಪ ತೆಳು ಎಲ್ಲ ಇವೆ. ಬಾಲೂ ತಮ್ಮ ದಪ್ಪಗೆ, ಖುಷಿಯಾಗಿದೆ, ಆದರೆ ರಾತ್ರಿ ಹನ್ನೆರಡರ ಶೋಗೆ ಸ್ವಲ್ಪ ಜಾಸ್ತಿ ನಗುಮುಖ. ಅಕ್ಷರಗಳ ನಡುವೆ ಸುಮ್ನೆ ಜಾಗ ಹಿಗ್ಗಿಸುವುದೂ ಕನ್ನಡಕ್ಕೆ ಒಗ್ಗುವುದಿಲ್ಲ. ಸಾಫ್ಟ್‌ವೇರ್ ಯಾವುದಾದರೂ ಆಗಲಿ, ಇಂಥ ಚಿತ್ರಕ್ಕೆ ವೆಕ್ಟರ್ (ಎಷ್ಟು ಹಿಗ್ಗಿಸಿದರೂ ಅಂಚು ಒಡೆಯದ ಗೆರೆಯ ಚಿತ್ರ) ಇದ್ದರೆ ಒಳ್ಳೆಯದು. ಅಡೋಬಿಯಲ್ಲಿ ಒತ್ತು ಒಡೆದು ಕಂಡರೆ ಪ್ಯಾರಾಗ್ರಾಫ್ ಸೆಟ್ಟಿಂಗಿನಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಆರಿಸಿ. ಇಂಕ್‌ಸ್ಕೇಪ್ ಉಚಿತ, ಅದರಲ್ಲಿ ಕನ್ನಡ ನೇರವಾಗಿ ಸರಿ ಬರುತ್ತದೆ. ಪ್ರಿಂಟಿಗೆ ಕೊಡುವ ಫೈಲಿನಲ್ಲಿ ಅಕ್ಷರಗಳನ್ನು ಔಟ್‌ಲೈನ್ ಮಾಡಿ, ಅಂದರೆ ಫಾಂಟ್ ಬೇಡದ ಬರೀ ಆಕಾರವಾಗಿಸಿ, ತಿದ್ದಬಹುದಾದ ಪ್ರತಿ ಬೇರೆ ಇಟ್ಟುಕೊಳ್ಳಿ.

ಅಳತೆ. ಎ2 ಅಂದರೆ 420 × 594 ಮಿ.ಮೀ. ಕತ್ತರಿಸುವಾಗ ಅಂಚಿನಲ್ಲಿ ಬಿಳಿ ಉಳಿಯದ ಹಾಗೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಹೆಚ್ಚುವರಿ ಅಂಚು) ಬಿಟ್ಟರೆ ಫೈಲು 426 × 600. ಎ2 ತುಂಬುವ ಫೋಟೋ ಬಳಸಿದರೆ, ಬ್ಲೀಡ್ ಲೆಕ್ಕ ಬಿಟ್ಟು, 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 4961 × 7016 ಪಿಕ್ಸೆಲ್ ಬೇಕು, ಫೋನಿನಲ್ಲಿ ಬಂದ ಫಾರ್ವರ್ಡ್ ಚಿತ್ರ ಇಲ್ಲಿ ನಡೆಯುವುದಿಲ್ಲ. ನನ್ನ ಗಡಿಯಾರಕ್ಕೆ 380 ಮಿ.ಮೀ. ವ್ಯಾಸ ಕೊಟ್ಟು ಮೇಲಿಂದ 20 ಮಿ.ಮೀ. ಬಿಟ್ಟು ಕೂರಿಸಿದರೆ, ಕೆಳಗೆ 190ರಷ್ಟು ಜಾಗ ಉಳಿಯುತ್ತದೆ. ವಿವರ ಎಲ್ಲ ಅಲ್ಲಿಗೆ. ಎರಡು ಬಣ್ಣ ಸೇರುವ ಕಡೆ ಐದು ಮೂಲೆಯ ದೊಡ್ಡ ಕಡು ಬಣ್ಣದ ಆಕಾರ ಹುಟ್ಟುತ್ತದೆ, ಬ್ಯಾಂಡಿನ ಹೆಸರಿಗೆ ಅದೇ ಜಾಗ. ಕಾಗದದ ಬಿಳಿಯನ್ನೇ ಉಳಿಸಿ ಅಕ್ಷರ ತೆಗೆಯಬಹುದು.

ಆದರೆ ಇಲ್ಲಿ ಒಂದು ಎಚ್ಚರ. ಕೈಯಲ್ಲಿ ಸ್ಕ್ರೀನ್ ಪ್ರಿಂಟ್ ಮಾಡುವಾಗ ಎರಡನೆಯ ಬಣ್ಣ ಮೊದಲನೆಯದರ ಮೇಲೆ ಕೂದಲೆಳೆಯೂ ಜರುಗದೆ ಬೀಳುವುದು ಕಷ್ಟ. ಒಂದು ಮಿಲಿಮೀಟರ್ ಜರುಗಿದರೂ ಎರಡೂ ಬಣ್ಣದೊಳಗಿಂದ ತೆಗೆದ ಬಿಳಿ ಅಕ್ಷರದ ಅಂಚಿನಲ್ಲಿ ಬಣ್ಣದ ಗೆರೆ ಇಣುಕುತ್ತದೆ. ದೊಡ್ಡ ಅಕ್ಷರದಲ್ಲಿ ಅದು ಚಂದವೇ, ಕೈಕೆಲಸದ ಗುರುತು. ಸಣ್ಣ ಅಕ್ಷರದಲ್ಲಿ ಓದೋಕೇ ಆಗುವುದಿಲ್ಲ. ಹಾಗಾಗಿ ತಾರೀಖು, ಜಾಗ, ಪ್ರವೇಶದ ಸಾಲುಗಳು ಒಂದೇ ಇಂಕಿನಲ್ಲಿ, ಖಾಲಿ ಕಾಗದದ ಮೇಲೆ ಇರಲಿ. ತಿಳಿ ಬಣ್ಣ ಮೊದಲು, ಕಡು ಬಣ್ಣ ಆಮೇಲೆ ಹೊಡೆಯಿರಿ. ಇಂಕು ಪಾರದರ್ಶಕ ಇರಬೇಕು, ಇಲ್ಲದಿದ್ದರೆ ಮೂರನೆಯ ಬಣ್ಣ ಹುಟ್ಟುವುದೇ ಇಲ್ಲ. ಕಿತ್ತಳೆ ಮತ್ತು ಕಡು ನೀಲಿ ಆದರೆ ಸೇರಿದ ಕಡೆ ಹೆಚ್ಚುಕಡಿಮೆ ಕಪ್ಪು ಬರುತ್ತದೆ. ಸ್ಕ್ರೀನ್ ಪ್ರಿಂಟ್ ಸೌಲಭ್ಯ ಇಲ್ಲದೆ ಡಿಜಿಟಲ್ ಪ್ರಿಂಟ್ ಹಾಕಿಸಿದರೆ ಮೇಲಿನ ಲೇಯರಿಗೆ ಕೆಳಗಿನ ಬಣ್ಣದ ಜೊತೆ ಬೆರೆಯುವ ‘ಮಲ್ಟಿಪ್ಲೈ’ ಮೋಡ್ ಹಾಕಿ ಇದೇ ಪರಿಣಾಮ ತರಬಹುದು. ಆಗ ಪರದೆಯಲ್ಲಿ ಉರಿಯುವ ಕಿತ್ತಳೆ ಕಾಗದದಲ್ಲಿ ಮಂಕಾಗುತ್ತದೆ, ಸಿಎಂವೈಕೆ (ತಿಳಿನೀಲಿ, ಕೆನ್ನೇರಳೆ, ಹಳದಿ, ಕಪ್ಪು) ನಾಲ್ಕು ಇಂಕಿನಲ್ಲಿ ಅಷ್ಟು ಬೆಳಕು ಬರುವುದಿಲ್ಲ. ಮೊದಲೇ ಒಂದು ತುಂಡು ಪ್ರಿಂಟ್ ತೆಗೆದು ನೋಡಿ.

ನಾಲ್ಕು ಎ4 ಸೇರಿದರೆ ಒಂದು ಎ2. ಮನೆಯ ಪ್ರಿಂಟರಿನಲ್ಲೇ ಕಪ್ಪು ಬಿಳುಪಲ್ಲಿ ನಾಲ್ಕು ತುಂಡು ತೆಗೆದು ಟೇಪ್ ಹಚ್ಚಿ ಗೋಡೆಗೆ ಹಾಕಿ. ಕೋಣೆಯ ಆ ತುದಿಗೆ ಹೋಗಿ ನಿಲ್ಲಿ. ಬೋರ್ಡ್ ಬರೆಯುವವರ ಅಂದಾಜು ಒಂದಿದೆ: ಮೂರು ಮೀಟರ್ ದೂರಕ್ಕೆ ಸುಮಾರು 25 ಮಿ.ಮೀ. ಎತ್ತರದ ಅಕ್ಷರ. ಕನ್ನಡದಲ್ಲಿ ಒತ್ತು ಇನ್ನೂ ಚಿಕ್ಕದಾಗುವುದರಿಂದ ಅದಕ್ಕಿಂತ ಸ್ವಲ್ಪ ದೊಡ್ಡದೇ ಇರಲಿ. ಪರದೆಯ ಮೇಲೆ ಸರಿ ಕಂಡ ಸಾಲು ಗೋಡೆಯ ಮೇಲೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗಿರುತ್ತದೆ, ತೀರಾ ಚಿಕ್ಕದು ಅಥವಾ ಬೇಡದಷ್ಟು ದೊಡ್ಡದು.

ಪೋಸ್ಟರಿನ ಮೇಲಿನ ಮಾತುಗಳಿಗೂ ಚಿತ್ರದಷ್ಟೇ ತಲೆ ಕೆಡಿಸಿಕೊಳ್ಳಿ. ವಿದ್ಯಾರ್ಥಿಗಳ ಪೋಸ್ಟರ್ ಕೈಗೆ ಬಂದಾಗ ನಾನು ಮೊದಲು ನೋಡುವುದು ತಾರೀಖಿಗೂ ವಾರಕ್ಕೂ ಹೊಂದುತ್ತದಾ ಅಂತ. ಹೊಂದದಿದ್ದರೆ ಇಡೀ ಬ್ಯಾಂಡ್ ಅಲ್ಲೇ ಸುಳ್ಳಾಯಿತು. ಕ್ಯಾಲೆಂಡರ್ ತೆಗೆದು ನೋಡಿ. ನಿಮ್ಮದರಲ್ಲಿ ಇನ್ನೊಂದು ಗೊಂದಲ ಇದೆ. ‘ಶನಿವಾರ 12 ಗಂಟೆ’ ಅಂದರೆ ಯಾವಾಗ? ಶನಿವಾರ ಮಧ್ಯಾಹ್ನವಾ? ಶುಕ್ರವಾರ ರಾತ್ರಿ ಮುಗಿದು ಶನಿವಾರ ಶುರುವಾಗುವ ಹೊತ್ತಾ? ‘ಶನಿವಾರ ರಾತ್ರಿ 11:30ಕ್ಕೆ ಬಾಗಿಲು ತೆರೆಯುತ್ತದೆ. 12ಕ್ಕೆ ಶುರು’ ಅಂತ ಬರೆದರೆ ಅನುಮಾನ ಉಳಿಯುವುದಿಲ್ಲ. ಬಾಗಿಲು ತೆರೆಯುವ ಸಮಯ, ಟಿಕೆಟ್ ಎಲ್ಲಿ ಸಿಗುತ್ತದೆ, ಕೂರಲು ಜಾಗ ಇಲ್ಲ ಅನ್ನುವ ಸೂಚನೆ, ಮೊದಲು ನುಡಿಸುವ ಇನ್ನೊಂದು ಬ್ಯಾಂಡಿನ ಹೆಸರು. ಇಂಥ ಒಣ ವಿವರಗಳೇ ನಂಬಿಕೆ ಹುಟ್ಟಿಸುವುದು, ನಾಲ್ಕು ಪುಟದ ಕಥೆ ಹುಟ್ಟಿಸಲಾರದು. ‘ಮರೆಯಲಾಗದ ಸಂಗೀತ ರಾತ್ರಿ’ ತರದ ಸಾಲು ಮಾತ್ರ ಬೇಡ. ‘ಬೇಡ’ ಅನ್ನುವ ಆ ಸದಸ್ಯ ಇದನ್ನು ನೋಡಿದರೆ ಏನಂತಾನೆ ಯೋಚಿಸಿ.

ಕ್ಲಾಸಿಗೆ ಕೊಡುವಾಗ ಬ್ಯಾಂಡಿನ ಆ ಒಂದು ಪುಟದ ಮೆಸೇಜನ್ನೂ ಸಣ್ಣ ಸ್ಕೆಚ್‌ಗಳನ್ನೂ ಜೊತೆಗಿಡಿ. ನಿಮ್ಮ ತೀರ್ಮಾನಗಳು ಎಲ್ಲಿಂದ ಬಂದವು ಅಂತ ಮೇಡಂಗೆ ಕಾಣಲಿ. ಆಮೇಲೆ ಪೋರ್ಟ್‌ಫೋಲಿಯೋಗೆ ಹಾಕುವಾಗ ‘ಕಾಲ್ಪನಿಕ ಬ್ಯಾಂಡ್, ವಿದ್ಯಾರ್ಥಿ ಕೆಲಸ’ ಅಂತ ಸ್ಪಷ್ಟವಾಗಿ ಬರೆಯಿರಿ, ನಿಜವಾದ ಗ್ರಾಹಕರ ಕೆಲಸ ಅನ್ನುವ ಹಾಗೆ ತೋರಿಸಬೇಡಿ. ಅದೇ ಹೆಸರಿನ ಬ್ಯಾಂಡ್ ನಿಜವಾಗಿ ಇದೆಯಾ ಅಂತ ಒಮ್ಮೆ ಹುಡುಕಿ. ನಿಜವಾದ ಸಭಾಂಗಣದ ಹೆಸರು, ಪ್ರಾಯೋಜಕ ಕಂಪನಿಗಳ ಲೋಗೋ ಹಾಕಬೇಡಿ. ಎಲ್ಲಿಂದಲೋ ತಂದ ಕ್ಯೂಆರ್ ಕೋಡ್ ಅಂತೂ ಬೇಡವೇ ಬೇಡ, ಯಾರಾದರೂ ಸ್ಕ್ಯಾನ್ ಮಾಡಿದರೆ ಎಲ್ಲಿಗೆ ಹೋಗುತ್ತದೋ ಯಾರಿಗೆ ಗೊತ್ತು. ಪೋಸ್ಟರ್ ಕ್ಲಾಸಿನ ಹೊರಗಿನ ಗೋಡೆಗೆ ಹೋಗುವುದಾದರೆ ಕಳೆದುಹೋದ ತಾರೀಖು ಹಾಕಿ, ಇಲ್ಲವೇ ಕೆಳಗೆ ಸಣ್ಣದಾಗಿ ‘ಕಾಲ್ಪನಿಕ ಕಾರ್ಯಕ್ರಮ’ ಅಂತ ಸೇರಿಸಿ. ಕೆಲಸ ನಿಜವಾಗಿ ಚೆನ್ನಾಗಿ ಬಂದಿದ್ದರೆ ಯಾರಾದರೂ ಗೋಡೌನ್ ಹುಡುಕಿಕೊಂಡು ಹೊರಡುವ ಸಾಧ್ಯತೆ ಇದೆ.